ಮರಿತಾಯಮ್ಮ ಒತ್ತದ ಹೆಬ್ಬೆಟ್ಟು

ಬೆಳಿಗ್ಗೆ ಐದೂವರೆಗೆ, ಬೀದಿಯ ನಲ್ಲಿಗೆ ನೀರು ಬರುವ ಮುಂಚೆ, ಮರಿತಾಯಮ್ಮ ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹತ್ತು ಬೆರಳಿನ ಉಗುರನ್ನೂ ಕಲ್ಲಿಗೆ ಉಜ್ಜುತ್ತಾರೆ. ಉಜ್ಜಿದ ಮೇಲೆ ಒಂದೊಂದು ಉಗುರನ್ನೂ ತಮ್ಮ ಕೆನ್ನೆಯ ಮೇಲೆ ಎಳೆದು ನೋಡುತ್ತಾರೆ. ನುಣುಪಾಗಿದ್ದರೆ ಸರಿ. ಎಲ್ಲಾದರೂ ತರಚಿದಂತಾದರೆ ಮತ್ತೆ ಕಲ್ಲಿಗೆ. ಹಬ್ಬದ ದಿನವೂ ಇದು ತಪ್ಪಿಲ್ಲ. ಗಂಡ ಚೆಲುವಯ್ಯ ತೀರಿಕೊಂಡ ಮರುದಿನವೂ ತಪ್ಪಲಿಲ್ಲವಂತೆ.

ಗುಂಡ್ಲುಪೇಟೆಯ ಆ ಬೀದಿಗೆ ನಾನು ಹೊಸದಾಗಿ ಬಂದಾಗ, "ಏನಕ್ಕ ಅದು, ದಿನಾ ಉಗುರಿಗೆ ಸಾಣೆ?" ಎಂದು ಕೇಳಿದ್ದೆ.

"ಆಗ್ತಾನೆ ಉಟ್ಟಿದ್ ಮಗೀನ ಮೈ ನೋಡಿದ್ದೀಯವ್ವ? ಹಾಲಿನ ಮ್ಯಾಲಿನ ಕೆನೆ ಇದ್ದಂಗಿರ್ತದೆ. ಉಗುರು ತಾಗಿದ್ರೆ ಗೆರೆ ಬೀಳ್ತದೆ. ಬಂದ ಗಳಿಗೇಲೇ ಲೋಕ ಅದ್ನ ಗೀರ್ಬಾರ್ದು ಕಣವ್ವ" ಎಂದರು.

ಅವರು ಊರಿನ ಒಂದು ನರ್ಸಿಂಗ್ ಹೋಮಿನ ಹೆರಿಗೆ ವಾರ್ಡಿನಲ್ಲಿ ಆಯಾ. ಹುಟ್ಟಿದ್ದು ಹರದನಹಳ್ಳಿ. ಮದುವೆಯಾಗಿ ಬಂದದ್ದು ಗುಂಡ್ಲುಪೇಟೆಗೆ. ಗಂಡ ತರಕಾರಿ ಮಂಡಿಯಲ್ಲಿ ಲಾರಿಗೆ ಮೂಟೆ ಹೊರುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ಮರಿತಾಯಮ್ಮ ಆ ಆಸ್ಪತ್ರೆಗೆ ಕಸ ಗುಡಿಸಲು ಸೇರಿದರು. ಒಂದು ಮಧ್ಯಾಹ್ನ ಎರಡು ಹೆರಿಗೆ ಒಟ್ಟಿಗೆ ಬಂದು ಕೈ ಸಾಲದೇ ಹೋದಾಗ, ಕೇರಳದ ಕಡೆಯ ಹೆಡ್ ಸಿಸ್ಟರ್ ಗುಡಿಸುತ್ತಿದ್ದವರನ್ನೇ ಕರೆದು ಕೈ ತೊಳೆಸಿ ಒಂದು ಮಗುವನ್ನು ಕೊಟ್ಟರಂತೆ. ಕಿರುಚುತ್ತಿದ್ದ ಕೂಸು ಆ ಕೈಗೆ ಬಂದ ಕೂಡಲೇ ಸುಮ್ಮನಾಯಿತು. ಮರುದಿನದಿಂದ ಪೊರಕೆ ಬೇರೆಯವರ ಪಾಲಾಯಿತು.

ಅಲ್ಲಿಂದ ಹದಿನೆಂಟು ವರ್ಷ. ಎಷ್ಟು ಮಕ್ಕಳನ್ನು ಎತ್ತಿಕೊಂಡಿರಬಹುದು ಎಂದು ಅವರು ಯಾವತ್ತೂ ಲೆಕ್ಕ ಹಾಕಿದವರಲ್ಲ. ಸಂತೆಯಲ್ಲಿ ಜೊತೆಗೆ ನಡೆಯುವಾಗ ಮಾತ್ರ ತಟ್ಟನೆ ನಿಂತು ನನ್ನ ಮೊಣಕೈ ತಿವಿಯುತ್ತಿದ್ದರು.

"ಅಲ್ನೋಡು, ಮೀಸೆ ತಿರುವ್ಕಂಡ್ ಓಯ್ತಾವ್ನಲ್ಲ, ಅವ್ನು ಕಾಲು ಮುಂದಾಗಿ ಬಂದವ್ನು ಕಣವ್ವ. ಈಗ್ಲೂ ನೋಡು, ಎಂಗ್ ನಡೀತಾನೆ!"

ನಾನು ನಗುತ್ತಿದ್ದೆ. ಆದರೆ ಒಳಗೊಳಗೆ ಮೈ ಜುಮ್ಮೆನ್ನುತ್ತಿತ್ತು. ಈರುಳ್ಳಿ ಮೂಟೆ ಎತ್ತುವ ಆ ಹೆಗಲು, ಸೈಕಲ್ ತುಳಿಯುವ ಆ ಕಾಲು, ಕಾಲೇಜಿಗೆ ಹೋಗುವ ಆ ಜಡೆ, ಇವೆಲ್ಲ ಲೋಕಕ್ಕೆ ಬಂದಾಗ ಮೊದಲು ಬಿದ್ದದ್ದು ನನ್ನ ಪಕ್ಕದಲ್ಲಿ ಸೊಪ್ಪಿನ ಕಟ್ಟು ಹಿಡಿದು ನಡೆಯುತ್ತಿರುವ ಈ ಎರಡು ಕೈಗಳಿಗೆ. ದೇವರು ಇಂಥ ಕೆಲಸವನ್ನು ಯಾರಿಗೆ ಒಪ್ಪಿಸುತ್ತಾನೆ ನೋಡು ಎಂದುಕೊಳ್ಳುತ್ತಿದ್ದೆ.

ಆ ಕೆಲಸವೇ ಎರಡು ಸಾವಿರದ ಏಳನೇ ಇಸವಿಯಲ್ಲಿ ಅವರ ಕೈತಪ್ಪಿ ಹೋಗುವುದರಲ್ಲಿತ್ತು.

ಅದಕ್ಕೆ ಹಿಂದಿನ ವರ್ಷ ಅದೇ ವಾರ್ಡಿನ ಎಳೆಯ ಆಯಾ ನೀಲಾವತಿ ಕಸದ ಬಕೆಟ್ಟು ಎತ್ತುವಾಗ, ಯಾರೋ ಮುಚ್ಚಳ ಹಾಕದೆ ಎಸೆದಿದ್ದ ಸೂಜಿ ಅವಳ ಅಂಗೈಗೆ ಚುಚ್ಚಿತು. ಕೆಲವು ತಿಂಗಳಲ್ಲಿ ಅವಳಿಗೆ ಕಾಮಾಲೆ. ರಕ್ತದಿಂದ ರಕ್ತಕ್ಕೆ ಹರಡುವ ಜಾತಿಯದು, ಹೆಪಟೈಟಿಸ್ ಬಿ. ಎರಡು ತಿಂಗಳು ಹಾಸಿಗೆ ಹಿಡಿದಳು. ನರ್ಸಿಂಗ್ ಹೋಮ್ ನಡೆಸುತ್ತಿದ್ದ ಡಾಕ್ಟರ್ ಸುಧಾಮಣಿ ತಾವೇ ಅವಳನ್ನು ನೋಡಿಕೊಂಡರು. ಮರಿತಾಯಮ್ಮ ದಿನಾ ಸಂಜೆ ಗಂಜಿ ಒಯ್ದು ಕುಡಿಸಿ ಬರುತ್ತಿದ್ದರು. ಅವಳು ಎದ್ದು ಓಡಾಡುವಂತಾದ ಮೇಲೆ ಡಾಕ್ಟರು ತೀರ್ಮಾನ ಮಾಡಿದರು: ಇನ್ನು ಮೇಲೆ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಈ ರೋಗದ ಲಸಿಕೆ ಹಾಕಿಸಿಕೊಳ್ಳಲೇಬೇಕು. ಮೂರು ಸೂಜಿ, ಆರು ತಿಂಗಳಲ್ಲಿ.

ತೀರ್ಮಾನ ಡಾಕ್ಟರದ್ದು, ಬರೆದು ಗೋಡೆಗೆ ಅಂಟಿಸಿದವರು ಮ್ಯಾನೇಜರ್ ಗಂಗಾಧರಸ್ವಾಮಿ. ಮಾರ್ಚಿನ ಮೊದಲ ವಾರ ತಪಾಸಣೆಗೆ ಯಾರೋ ಬರುವವರಿದ್ದರು. ಅಷ್ಟರಲ್ಲಿ ಎಲ್ಲರ ಹೆಸರ ಮುಂದೆಯೂ ಗುರುತು ಬಿದ್ದಿರಬೇಕು ಎಂಬ ಅವಸರ ಅವರದು. ಆ ನೋಟಿಸಿನ ಕೊನೆಯ ಸಾಲು ಹೀಗಿತ್ತು: "ಫೆಬ್ರವರಿ ೨೮ರೊಳಗೆ ಮೊದಲ ಸೂಜಿ ಹಾಕಿಸಿಕೊಳ್ಳದವರು ಲಸಿಕೆಯನ್ನು ನಿರಾಕರಿಸಿದ್ದಾರೆಂದೂ, ತಾವಾಗಿಯೇ ಕೆಲಸ ಬಿಟ್ಟಿದ್ದಾರೆಂದೂ ತಿಳಿಯಲಾಗುವುದು."

ಅದನ್ನು ಓದಬಲ್ಲವರು ಓದಿದರು. ಉಳಿದವರಿಗೆ ಸೂಜಿಯ ಸುದ್ದಿ ಮಾತ್ರ ತಲುಪಿತು.

"ಹಾಕಿಸ್ಕಂಡ್ರೆ ಮೂರ್ ದಿನ ತೋಳೆತ್ತಕಾಗಲ್ವಂತೆ" ಎಂದು ಯಾರೋ ಹೆದರಿಸಿದರು.

"ಅಂಗಾದ್ರೆ ಒಳ್ಳೇದೇ ಬುಡು, ಮೂರ್ ದಿನ ಗುಡ್ಸದು ತಪ್ತು" ಎಂದಳು ಗುಡಿಸುವ ದೊಡ್ಡಮಲ್ಲಮ್ಮ.

ಮರಿತಾಯಮ್ಮ ನಗಲಿಲ್ಲ. "ನೀಲಾವತಿ ಕಣ್ಣು ಅರ್ಸಿನದುಂಡೆ ಆಗಿದ್ದು ಮರ್ತ್ಬುಟ್ರಾ? ಮೊದಲ್ನೇ ಸೂಜಿ ನಂಗೇ ಆಕ್ಲಿ ಅಂತ ಸಿಸ್ಟರ್‌ಗೆ ಏಳಿವ್ನಿ" ಎಂದರು.

ಲಸಿಕೆ ಫೆಬ್ರವರಿ ಇಪ್ಪತ್ತಾರಕ್ಕೆ ಬರುವುದಿತ್ತು. ಇಪ್ಪತ್ತನಾಲ್ಕರ ಬೆಳಿಗ್ಗೆ ಅವರ ಐದು ವರ್ಷದ ಮೊಮ್ಮಗಳು ರಮ್ಯಳ ಬೆನ್ನಿನ ಮೇಲೆ ನೀರುಗುಳ್ಳೆ ಎದ್ದವು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ, ಮುಖ, ತಲೆಯ ಕೂದಲೊಳಗೂ ಗುಳ್ಳೆ. ಡಾಕ್ಟರು ಅದಕ್ಕೆ ಚಿಕನ್ ಪಾಕ್ಸ್ ಎನ್ನುತ್ತಾರೆ. ಆ ಮನೆಯಲ್ಲಿ ಅದಕ್ಕೆ ರೋಗದ ಹೆಸರೇ ಇಲ್ಲ. ತಾಯಿ ಬಂದಿದ್ದಾಳೆ ಎನ್ನುವುದು ಅಷ್ಟೇ.

ತಾಯಿ ಮನೆಯಲ್ಲಿ ಇರುವಷ್ಟು ದಿನ ನಡೆದುಕೊಳ್ಳಬೇಕಾದ ಕ್ರಮ ಅವರಿಗೆ ಅತ್ತೆಯಿಂದ ಬಂದದ್ದು. ಬಾಗಿಲಿಗೆ ಬೇವಿನ ಸೊಪ್ಪು. ಒಲೆಯ ಮೇಲೆ ಒಗ್ಗರಣೆಯ ಸದ್ದಿಲ್ಲ. ಮನೆಯಲ್ಲಿ ಯಾರ ಮೈಗೂ ಸೂಜಿ ತಾಗುವಂತಿಲ್ಲ, ಹರಿದ ಬಟ್ಟೆಯನ್ನು ಹೊಲಿಯುವುದೂ ಇಲ್ಲ. ಮನೆಯವರು ಬೇರೆಯವರ ಹೊಸ್ತಿಲು ದಾಟುವಂತಿಲ್ಲ. ಅದರಲ್ಲೂ ಬಾಣಂತಿ, ಎಳೆಗೂಸು ಇರುವ ಮನೆಯ ಕಡೆ ಮುಖ ಹಾಕುವಂತೆಯೇ ಇಲ್ಲ. ಆ ಸುದ್ದಿಯನ್ನೂ ಅಲ್ಲಿಗೆ ಕಳಿಸುವಂತಿಲ್ಲ. ಬೇವು, ಅರಿಶಿನ ಹಾಕಿ ಬಿಸಿಲಲ್ಲಿ ಕಾಯಿಸಿದ ನೀರನ್ನು ಏಳನೇ ದಿನದಿಂದ ದಿನ ಬಿಟ್ಟು ದಿನ ಮೂರು ಸಲ ಮಗುವಿಗೆ ಹೊಯ್ಯಬೇಕು. ಮೂರನೇ ನೀರು ಬೀಳುವುದು ಹನ್ನೊಂದನೇ ದಿನ. ಅಂದು ಮಾರಮ್ಮನಿಗೆ ಮೊಸರನ್ನದ ತಂಪು ಒಪ್ಪಿಸಿದರೆ ತಾಯಿ ಹೊರಟಳು ಎಂದು ಅರ್ಥ. ಆಮೇಲೆ ಬಾಗಿಲ ಬೇವು ತೆಗೆಯಬಹುದು.

ನೀಲಾವತಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಎಂದಿನಂತೆ ಕೂಗಿದಾಗ ಮರಿತಾಯಮ್ಮ ಒಳಗಿಂದಲೇ ಉತ್ತರ ಕೊಟ್ಟರು.

"ಅಲ್ಲೇ ನಿಂತ್ಕೊ ಕಣಮ್ಮಿ, ಮೆಟ್ಲು ಅತ್ಬ್ಯಾಡ. ಅನ್ನೊಂದು ದಿನ ಬರಾಕಿಲ್ಲ ಅಂತ ಮ್ಯಾನೇಜರಿಗೆ ಏಳು. ಅನ್ನೆರಡ್ನೇ ದಿನ ಬತ್ತೀನಿ, ಬಂದ್ ತಕ್ಸಣ ಸೂಜಿ ಆಕಿಸ್ಕತೀನಿ ಅಂತ್ಲೂ ಏಳು. ಮರೀಬ್ಯಾಡ."

ನೀಲಾವತಿ ಬಾಗಿಲ ಬೇವನ್ನು ನೋಡಿದಳು. ಕಾರಣ ಕೇಳಲಿಲ್ಲ. ಆಸ್ಪತ್ರೆಗೆ ಹೋಗಿ ಮಾತನ್ನು ಹಾಗೆಯೇ ಒಪ್ಪಿಸಿದಳು. ಯಾಕೆ ಎಂದು ಮ್ಯಾನೇಜರು ಕೇಳಿದ್ದಕ್ಕೆ ಅವಳೂ ಬಾಯಿ ಬಿಡಲಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು ಅವಳಾದರೂ ಹೇಗೆ ಹೇಳಿಯಾಳು?

"ಸೂಜಿಗೆ ಹೆದರ್ಕೊಂಡು ತಪ್ಪಿಸ್ಕೊಂಡಿದ್ದಾರೆ" ಎಂದು ಗಂಗಾಧರಸ್ವಾಮಿ ಅಂದುಕೊಂಡರು. ಇಪ್ಪತ್ತೆಂಟು ಕಳೆಯಿತು. ಮರಿತಾಯಮ್ಮನ ಹೆಸರಿನ ಮುಂದೆ 'ನಿರಾಕರಿಸಿದ್ದಾರೆ' ಎಂದು ಬರೆದರು.

ಮಾರ್ಚ್ ಆರಕ್ಕೆ ಮೂರನೇ ನೀರು ಬಿತ್ತು. ಏಳರ ಬೆಳಿಗ್ಗೆ ಮರಿತಾಯಮ್ಮ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಕೆಲಸಕ್ಕೆ ಹೋದರು. ಗೇಟಿನಲ್ಲೇ ತಡೆದು ಮ್ಯಾನೇಜರ ಕೋಣೆಗೆ ಕಳಿಸಿದರು. ಮೇಜಿನ ಮೇಲೆ ಒಂದು ಕಾಗದ, ಪಕ್ಕದಲ್ಲಿ ಇಂಕು ಪ್ಯಾಡು.

"ಹೆಬ್ಬೆಟ್ಟು ಒತ್ತಿ ಮರಿತಾಯಮ್ಮ. ಈ ತಿಂಗಳ ಸಂಬಳ ಇವತ್ತೇ ಕೊಟ್ಬಿಡ್ತೀನಿ. ಒಳ್ಳೆ ಕೆಲಸಗಾರರು ಅಂತ ಒಂದು ಸರ್ಟಿಫಿಕೇಟೂ ಕೊಡ್ತೀನಿ, ಬೇರೆ ಆಸ್ಪತ್ರೇಲಿ ಕೆಲಸ ಸಿಕ್ಕುತ್ತೆ."

"ಸೂಜಿ ಆಕಿಸ್ಕಳಕೆ ಬಂದಿವ್ನಿ ಸ್ವಾಮಿ."

"ತಾರೀಕು ಮುಗೀತಲ್ಲಮ್ಮ. ನಿಮ್ಮ ಹೆಸರು ತೆಗೆದಾಯ್ತು."

"ಇದ್ರಾಗೇನ್ ಬರ್ದದೆ?"

"ನೀವು ಲಸಿಕೆ ಬೇಡ ಅಂದ್ರಿ, ಅದಕ್ಕೆ ಕೆಲಸ ಬಿಡ್ತಾ ಇದ್ದೀರಿ ಅಂತ. ಸುಮ್ನೆ ಒಂದು ದಾಖಲೆ."

ಮರಿತಾಯಮ್ಮ ಕಾಗದವನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ಓದಿಸ್ಕಂಡ್ ಬತ್ತೀನಿ ಸ್ವಾಮಿ" ಎಂದು ಎದ್ದು ಬಂದರು.

ಅದನ್ನು ಓದಿದ್ದು ನಾನು. ನಮ್ಮ ಮನೆಯ ಜಗಲಿಯಲ್ಲಿ ಗೋಡೆಗೊರಗದೆ ನೆಟ್ಟಗೆ ಕೂತು ಕೇಳಿದರು. "ನಾನು ಸ್ವಇಚ್ಛೆಯಿಂದ ಲಸಿಕೆಯನ್ನು ನಿರಾಕರಿಸಿರುತ್ತೇನೆ" ಎಂಬ ಸಾಲು ಬಂದಾಗ, "ಇನ್ನೊಂದ್ಸಲ ಓದು" ಎಂದರು. ಮತ್ತೆ ಓದಿದೆ.

"ಆ ಮಾತು ನಾನಾಡಿಲ್ವಲ್ಲವ್ವ. ಅನ್ನೊಂದು ದಿನ ತಡೀರಿ ಅಂದೆ. ತಡೀರಿ ಅನ್ನದೂ ಬ್ಯಾಡ ಅನ್ನದೂ ಒಂದೇಯಾ?"

ನಾನು ಕಾಗದವನ್ನು ಮಡಿಸಿ ಅವರ ಕೈಗೆ ಕೊಟ್ಟೆ.

ಅವರ ಅಳಿಯ ನಿಂಗರಾಜು ಈರುಳ್ಳಿ ಮಂಡಿಯಲ್ಲಿ ಹಮಾಲಿ. ಸಂಜೆ ಬಂದವನೇ ಬೈಯತೊಡಗಿದ. "ಒತ್ತಿ ಬಾ ಅತ್ತೆ, ಸಂಬ್ಳನಾದ್ರೂ ಬತ್ತದೆ. ನಿನ್ನೆಬ್ಬೆಟ್ಟೇನು ಚಿನ್ನುದ್ದಾ?"

"ಚಿನ್ನುದ್ದಾಗಿದ್ರೆ ಬಿಚ್ಚಿ ಅತ್ಲಾಗಿ ಕೊಟ್ಬುಡ್ತಿದ್ದೆ ಕಣಪ್ಪ. ಮಾಂಸುದ್ದಲ್ವಾ, ನನ್ಜೊತೇಲೇ ಬತ್ತದೆ."

ಮರಿತಾಯಮ್ಮನ ಮಗಳು ಪುಟ್ಟಿ ಸೆರಗು ಬಾಯಿಗೆ ಒತ್ತಿ ನಕ್ಕಳು. ನಿಂಗರಾಜು ಮುಖ ಗಂಟಿಕ್ಕಿಕೊಂಡೇ ಆಮೇಲೆ ತಾನೇ ದಾರಿ ಹೇಳಿದ. ಚಾಮರಾಜನಗರದಲ್ಲಿ ಕಾರ್ಮಿಕ ಅಧಿಕಾರಿಗಳ ಆಫೀಸು ಇದೆ. ಹಿಂದೊಮ್ಮೆ ಮಂಡಿಯ ಹಮಾಲಿಗಳು ಅಲ್ಲಿಗೆ ಹೋಗಿದ್ದರು. ಅರ್ಜಿ ಕೊಟ್ಟರೆ ಇಬ್ಬರನ್ನೂ ಎದುರುಬದುರು ಕೂರಿಸಿ ಕೇಳುತ್ತಾರೆ. "ಕೋರ್ಟಲ್ಲ ಕಣತ್ತೆ, ಕರಿಕೋಟು ಇರಾಕಿಲ್ಲ. ಮಾತಾಡ್ಬೌದು."

ಮರುದಿನ ಅರ್ಜಿಯನ್ನು ನಾನೇ ಬರೆದೆ. ಕಾನೂನಿನ ಭಾಷೆ ನನಗೆ ಬರುವುದಿಲ್ಲ. ಅವರು ಹೇಳಿದ್ದನ್ನೇ ಒಂದು ಪುಟದಲ್ಲಿ ಬರೆದು ಓದಿ ಹೇಳಿದೆ. ಕೇಳಿಸಿಕೊಂಡು, "ಮ್ಯಾನೇಜರು ಕೆಟ್ಟೋರು ಅಂತೇನಾದ್ರೂ ಬರ್ದಿದ್ದೀಯಾ?" ಎಂದು ಕೇಳಿದರು. ಒಂದು ಕಡೆ ಹಾಗೆ ಅರ್ಥ ಬರುವಂತಿತ್ತು. ಹೊಡೆದು ಹಾಕಿಸಿದರು. ಇನ್ನೊಂದು ಕಾಗದದಲ್ಲಿ ಅಚ್ಚುಕಟ್ಟಾಗಿ ಬರೆದ ಮೇಲೆ, ಹಿಂದಿನ ದಿನ ಇಂಕು ಪ್ಯಾಡಿನ ಮುಂದೆ ಒತ್ತದೆ ಬಂದಿದ್ದ ಹೆಬ್ಬೆರಳನ್ನು ನನ್ನ ಎದುರಿಗೆ ತಾವಾಗಿಯೇ ಒತ್ತಿದರು.

ಕರೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ಅವರನ್ನು ನೋಡುವುದು ಕಷ್ಟವಾಗಿತ್ತು. ಅಳುತ್ತಿದ್ದರು ಎಂದಲ್ಲ. ಕೈಗಳಿಗೆ ಕೆಲಸವಿರಲಿಲ್ಲ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮಡಿಸುತ್ತಿದ್ದರು. ದಿನಕ್ಕೆ ನಾಲ್ಕು ಸಲ ರಮ್ಯಳ ತಲೆ ಬಾಚುತ್ತಿದ್ದರು. ಒಮ್ಮೆ ಮಾತ್ರ ಕೇಳಿದರು: "ಹೆರಿಗೆ ವಾರ್ಡಿಗೆ ಈಗ ಯಾರವ್ರೆ ಅಂತ ನೀಲಾವತಿ ಏಳಿದ್ಲಾ?" ಹೊಸಬಳೊಬ್ಬಳು ಬಂದಿದ್ದಾಳಂತೆ ಎಂದೆ. "ಬಿಸಿನೀರು ಮೊಣಕೈಲಿ ಮುಟ್ಟಿ ನೋಡ್ಬೇಕು, ಅಂಗೈಲಲ್ಲ ಅಂತ ಅವ್ಳಿಗೆ ಏಳ್ಸು" ಎಂದರು.

ಮಾರ್ಚ್ ಕೊನೆಯ ಬುಧವಾರ ನಾವಿಬ್ಬರೂ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದೆ.

ಆಫೀಸು ಚಿಕ್ಕದು. ಕಬ್ಬಿಣದ ಬೀರುಗಳ ನಡುವೆ ಒಂದು ಮೇಜು. ಅಧಿಕಾರಿ ಶಿವಮೂರ್ತಿ ಎಂಬುವರು, ಐವತ್ತರ ಹತ್ತಿರದವರು, ಮೆಲುದನಿಯವರು. ಒಂದು ಬದಿಯಲ್ಲಿ ಡಾಕ್ಟರ್ ಸುಧಾಮಣಿ, ಗಂಗಾಧರಸ್ವಾಮಿ. ಇನ್ನೊಂದು ಬದಿಯಲ್ಲಿ ನಾವು. ಡಾಕ್ಟರನ್ನು ಕಂಡೊಡನೆ ಮರಿತಾಯಮ್ಮ ಎದ್ದು ನಿಂತರು. "ಕೂತ್ಕೊಳಿ, ಇಲ್ಲಿ ಎಲ್ಲರೂ ಕೂತೇ ಮಾತಾಡೋದು" ಎಂದು ಅಧಿಕಾರಿ ಹೇಳಿದ ಮೇಲೂ ಅರ್ಧ ಕುರ್ಚಿಯಲ್ಲಿ ಕೂತರು.

ಮೊದಲು ಡಾಕ್ಟರು ಮಾತಾಡಿದರು. ಅವರ ದನಿಯಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. "ನಾನು ಮಾಡಿದ್ದು ಇವರ ಒಳ್ಳೇದಕ್ಕೇ ಸಾರ್. ನನ್ನ ವಾರ್ಡಿನ ಒಬ್ಬಳು ಹುಡುಗಿ ಸಾಯೋದ್ರಲ್ಲಿದ್ಲು. ನಾಳೆ ಇನ್ನೊಬ್ಬಳಿಗೆ ಸೂಜಿ ಚುಚ್ಚಿದ್ರೆ ಹೊಣೆ ಯಾರದು? ಲಸಿಕೆ ಹಾಕಿಸ್ಕೊಳ್ಳಿ ಅಂತ ನಾನು ಹೇಳೋ ಹಾಗೇ ಇಲ್ವಾ?"

"ಹೊಣೆ ನಿಮ್ಮದೇ ಮೇಡಂ. ಅದಕ್ಕೇ ಹೇಳಬಹುದು, ಹೇಳಬೇಕು ಕೂಡ" ಎಂದರು ಶಿವಮೂರ್ತಿ. "ಆದ್ರೆ ಹಾಕಿಸ್ಕೊಳ್ಳದಿದ್ರೆ ಏನು ಮಾಡಬಹುದು ಅನ್ನೋದು ಬೇರೆ ಪ್ರಶ್ನೆ. ಲಸಿಕೆ ಬೇಡ ಅಂದವರನ್ನ ಕೆಲಸದಿಂದ ತೆಗೀಬಹುದು ಅಂತ ನಾನು ನೋಡೋ ಪುಸ್ತಕದಲ್ಲಿ ಒಂದು ಸಾಲಿಲ್ಲ. ತೆಗೀಲೇಬಾರದು ಅಂತಲೂ ಇಲ್ಲ. ಇರೋದು ಒಂದೇ ಮಾತು. ವರ್ಷಗಟ್ಟಲೆ ದುಡಿದವರನ್ನ ತೆಗೆಯೋಕೆ ಮುಂಚೆ ಕೇಳಬೇಕು. ಯಾಕೆ ಬರಲಿಲ್ಲ, ಏನು ಕಷ್ಟ ಅಂತ ಕೇಳಿ, ಅವರ ಉತ್ತರ ಬರೆದುಕೊಳ್ಳಬೇಕು. ನೀವು ಕೇಳಿದ್ರಾ?"

ಗಂಗಾಧರಸ್ವಾಮಿ ನೋಟಿಸನ್ನು ಮುಂದೆ ತಳ್ಳಿದರು. "ಮೊದಲೇ ಬರೆದು ಹಾಕಿದ್ವಿ ಸಾರ್. ಇಪ್ಪತ್ತೆಂಟರೊಳಗೆ ಬರದಿದ್ರೆ ನಿರಾಕರಿಸಿದ ಹಾಗೆ ಅಂತ."

ಅಧಿಕಾರಿ ಓದಿದರು. "ನಿರಾಕರಿಸಿದ ಹಾಗೆ ಅಂತ ತೀರ್ಮಾನ ಮಾಡಿದೋರು ಯಾರು? ನೀವು. ಕೆಲಸ ಬಿಡೋ ಕಾಗದಕ್ಕೆ ಸಹಿ ಹಾಕೋರು ಯಾರು? ಅವರು. ನಿಮ್ಮ ತೀರ್ಮಾನ ಅವರ ಮಾತು ಹೇಗಾಯ್ತು ಸ್ವಾಮಿ?" ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. "ಸೂಜಿಯ ಖರ್ಚು ಸಂಬಳದಲ್ಲಿ ಹಿಡೀತೀವಿ ಅಂತಲೂ ಇದೆ. ಅಪಾಯ ನಿಮ್ಮ ಆಸ್ಪತ್ರೆ ಕೆಲಸದ್ದು. ಖರ್ಚು ಅವರ ತಲೆ ಮೇಲೆ ಯಾಕೆ?"

ಡಾಕ್ಟರು ತಟ್ಟನೆ ಮ್ಯಾನೇಜರ ಕಡೆ ತಿರುಗಿದರು. ಆ ಸಾಲು ಅವರಿಗೂ ಹೊಸದೆಂದು ಕಂಡಿತು.

"ಇವರು ಏನಾದ್ರೂ ಹೇಳಿ ಕಳಿಸಿದ್ರಾ?" ಎಂದು ಅಧಿಕಾರಿ ಕೇಳಿದರು.

ಗಂಗಾಧರಸ್ವಾಮಿ, "ಹನ್ನೊಂದು ದಿನ ಬಿಟ್ಟು ಬರ್ತೀನಿ ಅಂತ ಹೇಳಿ ಕಳಿಸಿದ್ರು. ಕಾರಣ ಹೇಳಲಿಲ್ಲ ಸಾರ್. ನಾನು ನೆಪ ಅಂದ್ಕೊಂಡೆ" ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ನನಗೆ ಯಾರೂ ತಿಳಿಸಲಿಲ್ಲ" ಎಂದರು ಡಾಕ್ಟರು.

ಈಗ ಎಲ್ಲರೂ ಮರಿತಾಯಮ್ಮನ ಕಡೆ ನೋಡಿದರು. ಅವರು ತಲೆ ತಗ್ಗಿಸಿದ್ದರು. "ಹೇಳಿ ಅಮ್ಮ, ಯಾಕೆ ಹನ್ನೊಂದು ದಿನ?" ಎಂದು ಶಿವಮೂರ್ತಿ ಕೇಳಿದರು. ಇಲ್ಲೂ ಹೇಳದೆ ಹೋದರೆ ಕೆಲಸ ಹೋದಂತೆಯೇ ಎಂದು ನನಗೆ ಗೊತ್ತಿತ್ತು.

"ಈಗ ಏಳ್ಬೌದು. ಅವ್ಳು ಓಗಾಯ್ತು" ಎಂದು ಅವರು ಮೆಲ್ಲಗೆ ಶುರುಮಾಡಿದರು. "ಮೊಮ್ಮಗೀಗೆ ತಾಯಿ ಬಂದಿದ್ಲು. ಅವ್ಳಿರೋ ಮನೆಯೋರು ಮೈಗೆ ಸೂಜಿ ತಾಗಿಸ್ಕಳಂಗಿಲ್ಲ. ಅದು ನಮ್ಮನೆ ಪದ್ಧತಿ, ಅದ್ಕಾಗಿ ಮಾತ್ರ ಆಗಿದ್ರೆ ಡಾಕ್ಟ್ರಮ್ಮನ ಕಾಲಿಗ್ ಬಿದ್ದು ಕೇಳ್ಕತಿದ್ದೆ. ಆದ್ರೆ ಬಾಣಂತಿ ಇರೋ ಕಡೀಕೆ ಆ ಮನೆಯಿಂದ ಕಾಲಿಡಂಗಿಲ್ಲ. ಆ ವಾರ್ಡ್ನಲ್ಲಿ ಆರು ಕೂಸಿದ್ವು. ಒಂದು ಏಳ್ ತಿಂಗ್ಳಿಗೆ ಬಂದಿತ್ತು, ಒಂದಂಗೈ ಅಗಲ. ಬೆಳ್ಗೆ ಸಂಜೆ ಮೊಮ್ಮಗೀನ ಮೈ ಒರ್ಸಿ, ಅದ್ರ ಬಟ್ಟೆ ಒಗ್ದು, ಅದೇ ಕೈಲಿ ಓಗಿ ಆ ಕೂಸ್ನ ಎಂಗ್ ಮುಟ್ಲಿ? ಸೂಜಿಗೆ ಅಂತ ಬಂದ್ರೂ ಆ ಬಾಗ್ಲಲ್ಲೇ ಬರ್ಬೇಕಲ್ಲ?"

ಡಾಕ್ಟರು ಕನ್ನಡಕ ತೆಗೆದರು.

"ಹೇಳಿ ಕಳಿಸಬಹುದಿತ್ತಲ್ಲ ಮರಿತಾಯಮ್ಮ?" ಅವರ ದನಿ ಬೇರೆಯಾಗಿತ್ತು.

"ಆ ಸುದ್ದೀನೇ ಬಾಣಂತಿ ಬಾಗ್ಲಿಗೆ ಕಳಿಸ್ಬಾರ್ದು ಡಾಕ್ಟ್ರಮ್ಮ. ಏಳ್ದೆ ಇದ್ದದ್ದು ತಪ್ಪೇಯ. ಏಳಿದ್ರೆ ಇನ್ನೊಂದ್ ತಪ್ಪು. ಎರಡ್ರಾಗೆ ಕೂಸ್ಗೆ ನೋವಾಗ್ದಿರೋ ತಪ್ಪು ಮಾಡ್ಬುಟ್ಟೆ."

ಆ ಕೋಣೆಯಲ್ಲಿ ಆಗ ಕವಿದ ಮೌನವನ್ನು ನಾನು ಗುಡಿಯಲ್ಲಿ ಮಂಗಳಾರತಿಗೆ ಮುಂಚೆ ಮಾತ್ರ ಕಂಡಿದ್ದೇನೆ. ಓದು ಬರೆಹ ಇಲ್ಲದ, ಕಾನೂನೆಂದರೆ ಏನೆಂದು ಕೇಳಿರದ ಒಬ್ಬ ಹೆಂಗಸು, ತನ್ನ ಹದಿನೆಂಟು ವರ್ಷದ ಅನ್ನವನ್ನು ಆರು ಎಳೆಗೂಸುಗಳ ಹೊಸ್ತಿಲಾಚೆ ಇಟ್ಟು, ಯಾರಿಗೂ ಹೇಳದೆ ಹನ್ನೊಂದು ದಿನ ಕಾದಿದ್ದಳು. ಅದರ ಬೆಲೆ ಇಷ್ಟು ಎಂದು ಈಗಲೂ ಅವರ ಮುಖದಲ್ಲಿ ಬರೆದಿರಲಿಲ್ಲ. ಮಾಡಬೇಕಾದದ್ದನ್ನು ಮಾಡಿದವರ ಮುಖ ಅದು, ಅಷ್ಟೇ.

"ಮೇಡಂ, ನಾನು ಡಾಕ್ಟರಲ್ಲ" ಎಂದರು ಅಧಿಕಾರಿ ಕೊನೆಗೆ. "ತಿಳಿಯೋದಕ್ಕೆ ಕೇಳ್ತೀನಿ. ಮನೇಲಿ ಚಿಕನ್ ಪಾಕ್ಸ್ ಇದ್ದಾಗ ಇವರು ನಿಮ್ಮ ಆದೇಶ ಪಾಲಿಸಿ ಇಪ್ಪತ್ತೆಂಟಕ್ಕೆ ಬಂದಿದ್ರೆ, ನೀವು ಒಳಗೆ ಬಿಡ್ತಿದ್ರಾ?"

ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಇವರಿಗೆ ಚಿಕ್ಕಂದಿನಲ್ಲೇ ಆಗಿದೆ, ಹಣೆ ಮೇಲೆ ಕಲೆ ಇದೆ. ಇವರಿಂದ ಹರಡೋದು ಕಡಿಮೆ. ಆದ್ರೂ..." ಎಂದು ನಿಲ್ಲಿಸಿದರು. "ಇಲ್ಲ. ಬಿಡ್ತಿರಲಿಲ್ಲ. ಆ ಏಳು ತಿಂಗಳಿಗೆ ಹುಟ್ಟಿದ ಮಗು ಇರುವಾಗ ಖಂಡಿತ ಬಿಡ್ತಿರಲಿಲ್ಲ. ಮನೇಲೇ ಇರು ಅಂತ ನಾನೇ ಹೇಳ್ತಿದ್ದೆ."

"ಹಾಗಾದ್ರೆ ಇವರು ಮುರಿದ ನಿಯಮ ಯಾವುದು?"

ಶಿವಮೂರ್ತಿ ಅದನ್ನು ಬೆಳೆಸಲಿಲ್ಲ. ಒಂದು ಹಾಳೆ ಎಳೆದುಕೊಂಡು ಒಪ್ಪಂದ ಬರೆಯತೊಡಗಿದರು. ಮರಿತಾಯಮ್ಮ ಮರುದಿನದಿಂದ ಹಳೆಯ ವಾರ್ಡಿನಲ್ಲೇ ಕೆಲಸಕ್ಕೆ. ಬಾರದ ದಿನಗಳು ರಜೆ. ಲಸಿಕೆಯ ನಿಯಮ ಇರುತ್ತದೆ, ಆದರೆ ಹಾಕಿಸಿಕೊಳ್ಳದವರನ್ನು ಕರೆದು ಕೇಳಿ ಅವರ ಮಾತನ್ನು ಬರೆದುಕೊಳ್ಳದೆ ಯಾರ ಹೆಸರನ್ನೂ ತೆಗೆಯುವಂತಿಲ್ಲ. ಖರ್ಚು ಆಸ್ಪತ್ರೆಯದು. ಓದಿ ಹೇಳಿ, "ಏನಾದ್ರೂ ಸೇರಿಸಬೇಕಾ?" ಎಂದು ಎರಡೂ ಕಡೆ ಕೇಳಿದರು.

"ಮನೇಲಿ ಯಾರಿಗಾದ್ರೂ ಹೀಗಾದ್ರೆ ನನಗೊಬ್ಬಳಿಗೆ ತಿಳಿಸ್ಬೇಕು" ಎಂದರು ಡಾಕ್ಟರು. "ವಾರ್ಡಿಗಲ್ಲ. ನನ್ನ ಮನೆಗೆ. ನಮ್ಮ ಮನೇಲಿ ಬಾಣಂತಿ ಯಾರೂ ಇಲ್ಲ."

ಮರಿತಾಯಮ್ಮ ಸ್ವಲ್ಪ ಯೋಚಿಸಿ, "ಅದಾಯ್ತದೆ" ಎಂದರು. ಶಿವಮೂರ್ತಿ ಬದಿಯ ಜಾಗದಲ್ಲಿ ಅದನ್ನೂ ಬರೆದರು. ಡಾಕ್ಟರು ಸಹಿ ಹಾಕಿದರು. ಮರಿತಾಯಮ್ಮ ಪೂರ್ತಿ ಇನ್ನೊಮ್ಮೆ ಓದಿಸಿ ಕೇಳಿ, ಹೆಬ್ಬೆಟ್ಟು ಒತ್ತಿದರು.

ಮರುದಿನ ಬೆಳಿಗ್ಗೆ ಒಪ್ಪಂದದ ಒಂದು ಪ್ರತಿಯನ್ನು ಆಸ್ಪತ್ರೆಗೆ ತಲುಪಿಸುವುದಿತ್ತು. ನಾನೂ ಅವರ ಜೊತೆ ಹೋದೆ. ಸೂಜಿ ಹಾಕಬೇಕಾದ ಹೆಡ್ ಸಿಸ್ಟರ್ ಹೆರಿಗೆ ಕೋಣೆಯೊಳಗಿದ್ದರು, ಬರುವುದು ತಡವೆಂದು ನೀಲಾವತಿ ಓಡಿ ಬಂದು ಹೇಳಿದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಒಮ್ಮೆ ಮರಿತಾಯಮ್ಮನ ಕೈ ಮುಟ್ಟಿ ಮತ್ತೆ ಒಳಗೆ ಓಡಿದಳು.

ಗಂಗಾಧರಸ್ವಾಮಿ ನಮ್ಮನ್ನು ತಮ್ಮ ಕೋಣೆಯಲ್ಲೇ ಕೂರಿಸಿದರು. ಕಾಫಿ ತರಿಸಿದರು. ಹಿಂದಿನ ದಿನದಿಂದ ಅವರಿಗೆ ಏನೋ ಹೇಳಬೇಕೆಂದಿತ್ತು. ಕೊನೆಗೆ ಬಾಗಿಲ ಕಡೆ ಒಮ್ಮೆ ನೋಡಿ, ಲಸಿಕೆಯ ರಿಜಿಸ್ಟರನ್ನು ತೆರೆದು ದನಿ ತಗ್ಗಿಸಿದರು.

"ಮರಿತಾಯಮ್ಮ, ನನ್ನಿಂದ ತಪ್ಪಾಯ್ತು. ನಿಮ್ಮ ಮನೇಲಿ ದೇವರ ವಿಷಯ ಇದೆ, ಸೂಜಿ ಅಂದ್ರೆ ಮನಸ್ಸಿಗೆ ಒಂಥರಾ ಇರಬಹುದು. ಒಂದು ಕೆಲಸ ಮಾಡ್ತೀನಿ. ಮೂರೂ ಸೂಜಿ ಆಯ್ತು ಅಂತ ನಿಮ್ಮ ಹೆಸರಿನ ಮುಂದೆ ನಾನೇ ತಾರೀಕು ಹಾಕ್ಬಿಡ್ತೀನಿ. ಯಾರೂ ಕೇಳಲ್ಲ. ಡಾಕ್ಟರಿಗೂ ಗೊತ್ತಾಗಲ್ಲ. ನೀವು ಹಾಗೇ ವಾರ್ಡಿಗೆ ಹೋಗಿ. ನಿಮಗೆ ಇಷ್ಟಾದ್ರೂ ಮಾಡದಿದ್ರೆ ನನಗೆ ಸಮಾಧಾನ ಇಲ್ಲ."

ಮನಸ್ಸು ತುಂಬಿಯೇ ಹೇಳಿದ್ದರು. ಪೆನ್ನಿನ ಮುಚ್ಚಳ ಆಗಲೇ ತೆಗೆದಾಗಿತ್ತು.

ಮರಿತಾಯಮ್ಮ ಕಾಫಿಯ ಲೋಟವನ್ನು ಮೇಜಿನ ಅಂಚಿಗಿಟ್ಟು, ರಿಜಿಸ್ಟರಿನ ಮೇಲೆ ತಮ್ಮ ಅಂಗೈ ಇಟ್ಟರು.

"ಬರೀಬ್ಯಾಡಿ ಸ್ವಾಮಿ. ನಿಮ್ಮ ಒಳ್ಳೆ ಮನ್ಸು ಗೊತ್ತಾಯ್ತು, ಅಷ್ಟೇ ಸಾಕು. ನಾನು ಆಕಿಸ್ಕತೀನಿ ಅಂತಾನೇ ಬಂದಿವ್ನಿ. ಸಿಸ್ಟರ್ ಬರ್ಲಿ, ಕಾಯ್ತೀನಿ."

ಕೈ ತೆಗೆದು, ಎದ್ದು ಹೊರಗಿನ ಬೆಂಚಿನ ಮೇಲೆ ಹೋಗಿ ಕೂತರು. ರವಿಕೆಯ ತೋಳನ್ನು ಆಗಲೇ ಮೇಲಕ್ಕೆ ಮಡಿಸಿಕೊಂಡಿದ್ದರು.